ನೆರೆಮನೆಯ ಸಾಕುನಾಯಿ ಮಗಳನ್ನು ಕಚ್ಚಿದೆ: ಪರಿಹಾರ ಕೇಳುವ ದಾರಿ ಯಾವುದು?

ಕಳವಳದ ತಾಯಿ:
ಎಲ್ಲರಿಗೂ ನಮಸ್ಕಾರ. ನಾಲ್ಕನೇ ತರಗತಿಯಲ್ಲಿರುವ ನನ್ನ ಮಗಳ ಮೀನಖಂಡವನ್ನು ಮೇಲಿನ ಮಹಡಿಯವರ ಸಾಕುನಾಯಿ ಕಚ್ಚಿದೆ. ಮೆಟ್ಟಿಲಿನ ಬಳಿ ನಾಯಿಯ ಕೊರಳಪಟ್ಟಿಗೆ ಹಗ್ಗವೇ ಇರಲಿಲ್ಲ. ಮಗು ಆಗಷ್ಟೇ ಶಾಲೆಯಿಂದ ಬಂದು ಮೆಟ್ಟಿಲು ಹತ್ತುತ್ತಿತ್ತು. ಎರಡು ಕಡೆ ಹಲ್ಲು ಆಳವಾಗಿ ಇಳಿದಿದೆ, ಒಂದು ಕಡೆ ಚರ್ಮ ಕಿತ್ತು ಬಂದಿದೆ. ಆಸ್ಪತ್ರೆಯಲ್ಲಿ ಲಸಿಕೆ ಆರಂಭವಾಗಿದೆ, ಗಾಯದೊಳಗೂ ಔಷಧಿ ಚುಚ್ಚಿದರು. ಹೊಲಿಗೆ ಹಾಕಲಿಲ್ಲ.

ನಾಯಿಯ ಮಾಲೀಕರು ಮೊದಲ ದಿನದ ಬಿಲ್ಲು ಕಟ್ಟಿದರು. ಆಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. 'ನಮ್ಮ ನಾಯಿ ಯಾರಿಗೂ ಕಚ್ಚಿದ್ದಿಲ್ಲ, ನಿಮ್ಮ ಮಗು ಓಡಿದ್ದರಿಂದ ಬೆದರಿತು' ಎನ್ನುತ್ತಿದ್ದಾರೆ. ಈಗ ಒಂದು ಕಾಗದ ತಂದು, ಒಂದಿಷ್ಟು ಹಣ ಕೊಡುತ್ತೇವೆ, ಮುಂದೆ ಯಾವ ತಕರಾರೂ ಇಲ್ಲ ಎಂದು ಸಹಿ ಹಾಕಿ ಎಂದು ಒತ್ತಾಯಿಸುತ್ತಿದ್ದಾರೆ. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಮಗಳ ಸ್ಥಿತಿ. ಅವಳು ಮೆಟ್ಟಿಲಿನತ್ತ ಹೆಜ್ಜೆಯನ್ನೇ ಇಡುತ್ತಿಲ್ಲ, ರಾತ್ರಿ ಬೆಚ್ಚಿ ಏಳುತ್ತಾಳೆ. ಕಾನೂನಿನಲ್ಲಿ ಇದಕ್ಕೆ ಪರಿಹಾರ ಇದೆಯೇ? ಕೇಳಿದರೆ ನೆರೆಹೊರೆಯಲ್ಲಿ ಹಗೆ ಕಟ್ಟಿಕೊಂಡಂತೆ ಆಗುತ್ತದೆಯೇ?

ಚುಚ್ಚುಮದ್ದಿನ ಕೊಠಡಿ:
ಅಮ್ಮಾ, ಕಾನೂನಿಗೆ ಮೊದಲು ಎರಡು ಮಾತು. ನಾನು ಪ್ರಾಣಿ ಕಡಿತದ ವಿಭಾಗದಲ್ಲಿ ಕೆಲಸ ಮಾಡುವ ಶುಶ್ರೂಷಕಿ. ಗಾಯದೊಳಗೆ ಔಷಧಿ ಚುಚ್ಚಿದ್ದಾರೆ ಎಂದರೆ ಅದು ರೇಬೀಸ್ ಇಮ್ಯುನೋಗ್ಲೋಬ್ಯುಲಿನ್, ಅಂದರೆ ವೈರಾಣುವಿನ ವಿರುದ್ಧ ಸಿದ್ಧವಾಗಿಯೇ ಕೊಡುವ ಪ್ರತಿಕಾಯ ಆಗಿರಬೇಕು. ಚರ್ಮ ಸೀಳಿ ಒಳಗಿಳಿದ ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ ಮೂರನೇ ವರ್ಗಕ್ಕೆ ಸೇರಿಸುತ್ತದೆ. ಅಂಥ ಗಾಯಕ್ಕೆ ಲಸಿಕೆಯ ಜೊತೆಗೆ ಇದನ್ನೂ ಕೊಡಬೇಕು. ಚೀಟಿಯಲ್ಲಿ 'ಮೂರನೇ ವರ್ಗ' ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.

ಲಸಿಕೆಯ ಒಂದು ಸುತ್ತನ್ನೂ ತಪ್ಪಿಸಬೇಡಿ. ಚರ್ಮದೊಳಗೆ ಕೊಡುವ ಕ್ರಮವಾದರೆ 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮವಾದರೆ 0, 3, 7, 14 ಮತ್ತು 28ನೇ ದಿನ. ನಾಯಿಗೆ ಲಸಿಕೆ ಆಗಿದೆ ಎಂದು ಮಾಲೀಕರು ಎಷ್ಟೇ ಖಚಿತವಾಗಿ ಹೇಳಲಿ, ಅದನ್ನು ನಂಬಿ ನಡುವೆ ನಿಲ್ಲಿಸುವ ನಿರ್ಧಾರವನ್ನು ನೀವೇ ತೆಗೆದುಕೊಳ್ಳಬೇಡಿ. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಡಲು ಹೇಳಿ. ಅದು ಆರೋಗ್ಯವಾಗಿ ಉಳಿದರೆ ಮುಂದಿನದನ್ನು ವೈದ್ಯರು ತೀರ್ಮಾನಿಸುತ್ತಾರೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಅತ್ಯಂತ ವಿರಳ. ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದನ್ನು ಓದುತ್ತಿರುವ ಬೇರೆಯವರಿಗೂ: ಕಚ್ಚಿದ ಕೂಡಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಮನೆಮದ್ದು ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ.

ಕಪ್ಪುಕೋಟು:
ಮೇಡಂ, ಆ ಕಾಗದಕ್ಕೆ ಸಹಿ ಹಾಕಬೇಡಿ. ಉಳಿದ ಎಲ್ಲವೂ ಇದಾದ ಮೇಲೆ.

ಏಕೆಂದು ಹೇಳುತ್ತೇನೆ. ನಾನು ಸಿವಿಲ್ ವಕೀಲೆ. ಇಂಥ ಪ್ರಕರಣಗಳು ಹಾಳಾಗುವುದನ್ನು ಹೆಚ್ಚಾಗಿ ಕಂಡಿರುವುದು ನ್ಯಾಯಾಲಯದಲ್ಲಿ ಅಲ್ಲ, ಮೊದಲ ವಾರದಲ್ಲಿ ಮನೆಯ ಜಗಲಿಯಲ್ಲಿ. ಗಾಯ ಇನ್ನೂ ಹಸಿಯಾಗಿರುವಾಗ ಅದರ ಪೂರ್ತಿ ನಷ್ಟ ಎಷ್ಟು ಎಂದು ಯಾರಿಗೂ ತಿಳಿದಿರುವುದಿಲ್ಲ. ಚರ್ಮ ಕಿತ್ತುಬಂದ ಜಾಗದ ಕಲೆ ಹದಕ್ಕೆ ಬರಲು ಸುಮಾರು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಬೆಳೆಯುವ ಮಗುವಿನ ಕಾಲಿನಲ್ಲಿ ಕಲೆ ಬಿಗಿದುಕೊಂಡರೆ ಮತ್ತೆ ಚಿಕಿತ್ಸೆ ಬೇಕಾಗಬಹುದು. 'ಮುಂದೆ ಯಾವ ತಕರಾರೂ ಇಲ್ಲ' ಎಂಬ ಒಂದು ಸಾಲು ಇವೆಲ್ಲಕ್ಕೂ ಬಾಗಿಲು ಹಾಕಲು ನೋಡುತ್ತದೆ. ಅವರು ಚಿಕಿತ್ಸೆಯ ಖರ್ಚು ಕೊಡುತ್ತೇವೆ ಎಂದರೆ ಧಾರಾಳವಾಗಿ ತೆಗೆದುಕೊಳ್ಳಿ, ರಸೀದಿ ಕೊಡಿ. ಅದರಲ್ಲಿ 'ಇಂಥ ದಿನಾಂಕದ ಆಸ್ಪತ್ರೆ ಬಿಲ್ಲಿನ ಬಾಬ್ತು' ಎಂದಷ್ಟೇ ಬರೆಯಿರಿ.

ಈಗ ಕಾನೂನು. ನಮ್ಮ ದೇಶದಲ್ಲಿ ಸಾಕುನಾಯಿ ಕಡಿತಕ್ಕೆ ಇಷ್ಟು ಪರಿಹಾರ ಎಂದು ಗೊತ್ತುಪಡಿಸಿದ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು ಎರಡು ದಾರಿ. ಅವು ಬೇರೆ ಬೇರೆ, ಒಟ್ಟಿಗೇ ನಡೆಯಬಹುದು.

ಮೊದಲನೆಯದು ಪೊಲೀಸ್ ದೂರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದಕ್ಕೇ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ಗಂಭೀರ ಗಾಯಕ್ಕೆ ಸಂಭವನೀಯ ಅಪಾಯ ಇರುವಾಗ, ಅದನ್ನು ತಡೆಯಲು ಸಾಕಾಗುವ ಎಚ್ಚರಿಕೆಯನ್ನು ತಿಳಿದೂ ಅಥವಾ ನಿರ್ಲಕ್ಷ್ಯದಿಂದ ಕೈಬಿಟ್ಟರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯ 289ನೇ ಸೆಕ್ಷನ್ನಿನಲ್ಲಿ ದಂಡ 1,000 ರೂಪಾಯಿ ಇತ್ತು. ಇದರ ಜೊತೆಗೆ ಇತರರ ಸುರಕ್ಷತೆಗೆ ಅಪಾಯ ತಂದು ಗಾಯಗೊಳಿಸುವ 125ನೇ ಸೆಕ್ಷನ್ನನ್ನೂ ಸೇರಿಸುವುದುಂಟು. ಗಾಯ 'ಗಂಭೀರ' ಎನಿಸಿಕೊಂಡರೆ ಶಿಕ್ಷೆ ಹೆಚ್ಚುತ್ತದೆ. ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆ ಮುರಿಯುವುದು, ಹದಿನೈದು ದಿನ ತೀವ್ರ ನೋವಿನಲ್ಲಿರುವುದು ಅಥವಾ ಅಷ್ಟು ದಿನ ದಿನನಿತ್ಯದ ಕೆಲಸ ಮಾಡಲಾಗದಿರುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಮಗು ಶಾಲೆಗೆ ಹೋಗಲಾಗದ ದಿನಗಳಿಗೆ ಶಾಲೆಯಿಂದ ಹಾಜರಾತಿ ಪತ್ರ ಪಡೆಯಿರಿ ಎನ್ನುವುದು ಇದಕ್ಕಾಗಿ.

ಎರಡನೆಯದು ಸಿವಿಲ್ ದಾವೆ. ನಿಜವಾದ ಪರಿಹಾರ ಬರುವುದು ಇಲ್ಲಿಂದ. ಇಲ್ಲಿ ನೀವು ಸಾಬೀತುಪಡಿಸಬೇಕಾದದ್ದು ಮಾಲೀಕರ ನಿರ್ಲಕ್ಷ್ಯ, ಅಥವಾ ನಾಯಿಗೆ ಕಚ್ಚುವ ಸ್ವಭಾವವಿದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು ಎಂಬುದು. ಎಲ್ಲರೂ ಓಡಾಡುವ ಮೆಟ್ಟಿಲಿನಲ್ಲಿ ಹಗ್ಗವಿಲ್ಲದೆ ನಾಯಿಯನ್ನು ಬಿಟ್ಟಿದ್ದರು ಎಂಬುದು ನಿರ್ಲಕ್ಷ್ಯಕ್ಕೆ ಗಟ್ಟಿ ಆಧಾರ. ಮೊದಲೂ ಯಾರ ಮೇಲಾದರೂ ಎಗರಿತ್ತೇ, ಸಂಘದ ದೂರು ಪುಸ್ತಕದಲ್ಲಿ ಅಥವಾ ಗುಂಪಿನ ಸಂದೇಶಗಳಲ್ಲಿ ಯಾರಾದರೂ ಬರೆದಿದ್ದಾರೆಯೇ ಹುಡುಕಿ. ಒಂದೇ ಒಂದು ಹಳೆಯ ಸಂದೇಶ ಸಿಕ್ಕರೂ 'ಯಾರಿಗೂ ಕಚ್ಚಿದ್ದಿಲ್ಲ' ಎಂಬ ಮಾತಿನ ಬಲ ಕುಗ್ಗುತ್ತದೆ.

ಇನ್ನು 'ಮಗು ಓಡಿತು' ಎಂಬುದರ ಬಗ್ಗೆ. ನಾಯಿಯನ್ನು ಹೊಡೆದು ಕೆಣಕಿದವರು, ಇನ್ನೊಬ್ಬರ ಮನೆಗೆ ಅಕ್ರಮವಾಗಿ ನುಗ್ಗಿದವರು ಕಚ್ಚಿಸಿಕೊಂಡರೆ ಮಾಲೀಕರಿಗೆ ವಾದಿಸಲು ಅವಕಾಶವಿದೆ. ಮಗುವೊಂದು ತನ್ನ ಮನೆಯ ಮೆಟ್ಟಿಲು ಹತ್ತುವುದು ಕೆಣಕುವುದಲ್ಲ. ಮಕ್ಕಳು ಓಡುತ್ತಾರೆ. ನಾಯಿ ಸಾಕಿದವರು ಅದನ್ನು ಮುಂಚೆಯೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು.

ಕಳವಳದ ತಾಯಿ:
ತುಂಬ ಉಪಕಾರವಾಯಿತು ಮೇಡಂ. ಪೊಲೀಸರ ಬಳಿ ಇನ್ನೂ ಹೋಗಿಲ್ಲ. ಹೊಲಿಗೆಯನ್ನೇ ಹಾಕಿಲ್ಲ, ಇಷ್ಟು ಸಣ್ಣ ಗಾಯಕ್ಕೆ ಠಾಣೆಯೇ ಎಂದು ಮಾಲೀಕರ ಕಡೆಯವರು ಹೇಳುತ್ತಿದ್ದಾರೆ.

ಚುಚ್ಚುಮದ್ದಿನ ಕೊಠಡಿ:
ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೊಲಿಗೆ ಹಾಕದಿರುವುದು ಗಾಯ ಸಣ್ಣದು ಎಂಬುದಕ್ಕೆ ಗುರುತಲ್ಲ. ಪ್ರಾಣಿ ಕಡಿತದ ಗಾಯವನ್ನು ಸಾಮಾನ್ಯವಾಗಿ ಕೂಡಲೇ ಹೊಲಿಯುವುದಿಲ್ಲ. ಹೊಲಿದರೆ ವೈರಾಣು ಒಳಗಿನ ಅಂಗಾಂಶಕ್ಕೆ ಇಳಿಯುವ, ಕೀವು ತುಂಬುವ ಅಪಾಯವಿದೆ. ಹೊಲಿಯಲೇಬೇಕಾದಾಗಲೂ ಮೊದಲು ಇಮ್ಯುನೋಗ್ಲೋಬ್ಯುಲಿನ್ ಕೊಟ್ಟು, ಆಮೇಲೆ ಸಡಿಲವಾಗಿ ಹೊಲಿಯುತ್ತಾರೆ. ಇದನ್ನು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿ: 'ಪ್ರಾಣಿ ಕಡಿತವಾದ್ದರಿಂದ ಗಾಯವನ್ನು ತೆರೆದೇ ಬಿಡಲಾಗಿದೆ' ಎಂದು. ಗಾಯದ ಉದ್ದ, ಅಗಲ, ಆಳ, ಎಷ್ಟು ಹಲ್ಲಿನ ಗುರುತು, ದೇಹದ ಯಾವ ಭಾಗ ಎಲ್ಲವೂ ಇರಲಿ.

ನಿವೃತ್ತ ಶಿರಸ್ತೇದಾರ:
ತಾಯಿ, ನ್ಯಾಯಾಲಯದ ಕಚೇರಿಯಲ್ಲಿ ಕಡತಗಳ ನಡುವೆ ಬಾಳಿದವನು ನಾನು. ವಕೀಲಮ್ಮ ಹೇಳಿದ್ದು ಸರಿ. ಕಾಗದಪತ್ರದ ಬಗ್ಗೆ ಮಾತ್ರ ನಾನು ಸೇರಿಸುತ್ತೇನೆ.

ಆಸ್ಪತ್ರೆಯಲ್ಲಿ ನಿಮ್ಮ ಮಗಳ ವಿಷಯ ವೈದ್ಯಕೀಯ-ಕಾನೂನು ಪ್ರಕರಣ, ಅಂದರೆ ಎಂಎಲ್‌ಸಿ ಎಂದು ದಾಖಲಾಗಿದೆಯೇ ವಿಚಾರಿಸಿ. ಆಗಿದ್ದರೆ ಪೊಲೀಸರ ಕೋರಿಕೆಯ ಮೇಲೆ ಗಾಯದ ಪ್ರಮಾಣಪತ್ರ ಬರುತ್ತದೆ. ದಾವೆಗೆ ಅದೇ ಬೆನ್ನೆಲುಬು. ಮೊದಲ ಚೀಟಿಯಲ್ಲಿ 'ನಾಯಿ ಕಡಿತ' ಎಂದಷ್ಟೇ ಇದ್ದರೆ ಎದುರಿನವರು ಅದು ಬೀದಿನಾಯಿ ಎನ್ನುತ್ತಾರೆ. 'ನೆರೆಮನೆಯ ಸಾಕುನಾಯಿ' ಎಂಬ ಪದ ಇದೆಯೇ ನೋಡಿ. ಅವರು ಮೊದಲ ದಿನ ಬಿಲ್ಲು ಕಟ್ಟಿದ್ದಾರಲ್ಲ, ಆ ಪಾವತಿ ಅವರ ಮೊಬೈಲಿನಿಂದ ಆಗಿದ್ದರೆ ನಿಮಗೆ ಅನುಕೂಲ. ಕಚ್ಚಿದ್ದು ಯಾರ ನಾಯಿ ಎಂಬ ಪ್ರಶ್ನೆಯೇ ಏಳದಂತೆ ಅದು ತಡೆಯಬಹುದು.

ಕಟ್ಟಡದಲ್ಲಿ ಕ್ಯಾಮೆರಾ ಇದ್ದರೆ ಇಂದೇ ಸಂಘಕ್ಕೆ ಬರೆದು ಕೇಳಿ. ಆ ಯಂತ್ರಗಳು ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಕೊಳ್ಳುತ್ತ ಹೋಗುತ್ತವೆ, ಬಹಳ ದಿನ ಉಳಿಯುವುದಿಲ್ಲ. ದೃಶ್ಯವನ್ನು ಬರಿದೇ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಪ್ರಮಾಣಪತ್ರ ಜೊತೆಗಿರಬೇಕು. ಮೊದಲು ಇದನ್ನೇ 65ಬಿ ಪ್ರಮಾಣಪತ್ರ ಎನ್ನುತ್ತಿದ್ದರು. ಮೊಬೈಲಿನಲ್ಲಿ ತೆಗೆದ ಗಾಯದ ಚಿತ್ರಗಳಿಗೂ ಇದು ಬೇಕಾಗುತ್ತದೆ, ಆದ್ದರಿಂದ ಮೂಲ ಚಿತ್ರಗಳನ್ನು ಅಳಿಸಬೇಡಿ.

ಠಾಣೆಯಲ್ಲಿ ದೂರಿಗೆ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸುವ ಅವಕಾಶ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲೇ ಇದೆ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ.

ಸುದ್ದಿಪ್ರಿಯ:
ಇಷ್ಟೆಲ್ಲ ಏಕೆ? ಒಂದು ಹಲ್ಲಿನ ಗುರುತಿಗೆ 10,000 ರೂಪಾಯಿ ಎಂದು ಹೈಕೋರ್ಟ್ ಹೇಳಿದೆಯಲ್ಲ. ಹಲ್ಲಿನ ಗುರುತು ಎಣಿಸಿ ಅರ್ಜಿ ಹಾಕಿದರೆ ಆಯಿತು.

ಕಪ್ಪುಕೋಟು:
ಈ ಸುದ್ದಿ ಎಲ್ಲೆಡೆ ಅರ್ಧವೇ ಹರಿದಾಡುತ್ತಿದೆ. ಅದನ್ನು ನಂಬಿ ಜನ ಕಾಯುತ್ತ ಕೂರುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಆ ತೀರ್ಪು 2023ರ ನವೆಂಬರ್‌ನದು, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನದು. ಒಟ್ಟು 193 ಅರ್ಜಿಗಳನ್ನು ಒಟ್ಟಿಗೆ ತೀರ್ಮಾನಿಸುತ್ತ ಅದು ಹೇಳಿದ್ದು: ನಾಯಿ ಕಡಿತಕ್ಕೆ ಪ್ರತಿ ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಚರ್ಮದಿಂದ ಮಾಂಸ ಕಿತ್ತುಬಂದಿದ್ದರೆ ಗಾಯದ ಪ್ರತಿ 0.2 ಸೆಂಟಿಮೀಟರಿಗೆ ಕನಿಷ್ಠ 20,000 ರೂಪಾಯಿ. ಬೀದಿ ಪ್ರಾಣಿಗಳ ದಾಳಿ ಮತ್ತು ಅಪಘಾತಗಳ ಬಗ್ಗೆ ಅರ್ಜಿ ಪರಿಶೀಲಿಸಲು ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ ಇರಬೇಕು, ನಾಲ್ಕು ತಿಂಗಳೊಳಗೆ ತೀರ್ಮಾನ ಆಗಬೇಕು ಎಂದೂ ಹೇಳಿತು. ಮೊದಲ ಹೊಣೆ ರಾಜ್ಯದ್ದು, ತಪ್ಪಿತಸ್ಥ ಸಂಸ್ಥೆ ಅಥವಾ ಖಾಸಗಿ ವ್ಯಕ್ತಿಯಿಂದ ರಾಜ್ಯ ಅದನ್ನು ವಸೂಲಿ ಮಾಡಿಕೊಳ್ಳಬಹುದು.

ಆದರೆ ಅದು ಕಟ್ಟಿಹಾಕುವುದು ಪಂಜಾಬ್, ಹರಿಯಾಣ, ಚಂಡೀಗಢವನ್ನು. ಬೇರೆ ರಾಜ್ಯದ ನ್ಯಾಯಾಲಯದ ಮುಂದೆ ನಾವು ಅದನ್ನು ಓದಿ ಹೇಳಬಹುದು, 'ಗಾಯವನ್ನು ಅಳೆಯಲು ಇಂಥ ಒಂದು ರೀತಿ ಇದೆ' ಎಂದು ಮನವರಿಕೆ ಮಾಡಬಹುದು. ಒಪ್ಪಲೇಬೇಕು ಎಂಬ ಕಟ್ಟು ಇಲ್ಲ. ಈ ತಾಯಿಯ ವಿಷಯದಲ್ಲಿ ಎದುರಿಗಿರುವುದು ನಾಯಿಯ ಮಾಲೀಕರು, ಆದ್ದರಿಂದ ಅವರಿಗೆ ಕಳಿಸುವ ವಕೀಲರ ನೋಟಿಸಿನಲ್ಲಿ ಆ ಲೆಕ್ಕವನ್ನು ಒಂದು ಅಳತೆಗೋಲಾಗಿ ಉಲ್ಲೇಖಿಸಲು ನಾನು ಹಿಂಜರಿಯುವುದಿಲ್ಲ. ಅಷ್ಟೇ ಅದರ ಉಪಯೋಗ.

ಬೈಕ್ ಸವಾರ:
ಹಾಗಾದರೆ ಬೀದಿನಾಯಿ ಕಚ್ಚಿದವರು ಯಾರನ್ನು ಕೇಳಬೇಕು ಮೇಡಂ? ನಾನು ಪಾರ್ಸಲ್ ತಲುಪಿಸುವ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿಯಲ್ಲಿ ನಾಯಿಗಳ ಗುಂಪು ಬೆನ್ನಟ್ಟಿ ಪಾದವನ್ನು ಕಚ್ಚಿತು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಪಾದನೆಯೇ ಇಲ್ಲ.

ಕಪ್ಪುಕೋಟು:
ನಿಮ್ಮದು ಬೇರೆ ದಾರಿ ಸರ್. ಪ್ರಾಣಿ ಜನನ ನಿಯಂತ್ರಣ ನಿಯಮಗಳು 2023ರ ಪ್ರಕಾರ ಬೀದಿನಾಯಿಗಳ ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಆ ಹೊಣೆ ನಿರ್ವಹಿಸಲಿಲ್ಲ ಎಂಬ ನೆಲೆಯಲ್ಲಿ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಿಂದ ಪರಿಹಾರ ಕೇಳಬಹುದು. ಕೇರಳದಲ್ಲಿ ಇಂಥ ಅರ್ಜಿಗಳಿಗೆಂದೇ 2016ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸಿರಿಜಗನ್ ಸಮಿತಿಯನ್ನು ರಚಿಸಿತ್ತು. ಕರ್ನಾಟಕ ಸರ್ಕಾರ 2025ರ ನವೆಂಬರ್‌ನಲ್ಲಿ ಬೀದಿನಾಯಿ ದಾಳಿಯಿಂದ ಮೃತಪಟ್ಟವರ ಕುಟುಂಬಕ್ಕೆ 5 ಲಕ್ಷ ರೂಪಾಯಿ, ಗಾಯಗೊಂಡವರಿಗೆ 5,000 ರೂಪಾಯಿ ಎಂದು ಪ್ರಕಟಿಸಿತು. ಈ 5,000ದಲ್ಲಿ 3,500 ಗಾಯಾಳುವಿಗೆ, 1,500 ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಕೈಗೆ ಬರುವ ಆ ಮೊತ್ತ ಒಂದು ವಾರದ ದುಡಿಮೆಗೂ ಸಮವಲ್ಲ ಎಂಬ ನೋವು ನನಗೂ ಇದೆ. ಆದರೂ ಅರ್ಜಿ ಹಾಕಿ. ಹಕ್ಕಿನಿಂದ ಬಂದದ್ದನ್ನು ಬಿಡಬಾರದು.

ಒಂದು ಎಚ್ಚರಿಕೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ನಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲೂ ನೋಟಿಸಿನ ಷರತ್ತು ಇರುತ್ತದೆ. ಕಾಲಮಿತಿ ಒಂದೇ ವರ್ಷ ಎಂಬ ವಾದ ಬರುವ ಸಾಧ್ಯತೆ ಇರುವುದರಿಂದ ವರ್ಷ ತುಂಬುವವರೆಗೆ ಕಾಯಬೇಡಿ.

ನೀವು ಕೆಲಸದ ನಡುವೆ ಕಚ್ಚಿಸಿಕೊಂಡಿದ್ದೀರಿ. ನಿಮಗೆ ನೇಮಕಾತಿ ಪತ್ರ ಕೊಟ್ಟ ಉದ್ಯೋಗದಾತರಿದ್ದರೆ ನೌಕರರ ಪರಿಹಾರ ಕಾಯ್ದೆ 1923ರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 2020ರ ಅಡಿ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು, ಅದಕ್ಕೆ ಎರಡು ವರ್ಷದ ಗಡುವು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿದ್ದರೆ ಅಲ್ಲಿಂದ. ಆ್ಯಪ್ ಮೂಲಕ ದುಡಿಯುವವರನ್ನು ಅನೇಕ ಸಂಸ್ಥೆಗಳು ನೌಕರರೆಂದು ಒಪ್ಪುವುದಿಲ್ಲ. ಅಂಥ ಸಂದರ್ಭದಲ್ಲಿ ಅವರು ಮಾಡಿಸಿರುವ ಅಪಘಾತ ವಿಮೆಯ ಪತ್ರವನ್ನು ಕೇಳಿ ಪಡೆದು ಓದಿ, ಪ್ರಾಣಿ ಕಡಿತ ಅದರಲ್ಲಿ ಸೇರಿದೆಯೇ ನೋಡಿ.

ಮೂರು ನಾಯಿಗಳ ಮನೆ:
ನಾನು ನಾಯಿ ಸಾಕಿದವನು. ಇಲ್ಲಿ ನನ್ನ ಮಾತು ರುಚಿಸದಿರಬಹುದು, ಆದರೂ ಹೇಳುತ್ತೇನೆ. ಮಗುವಿಗೆ ಪರಿಹಾರ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಗ್ಗವಿಲ್ಲದೆ ಮೆಟ್ಟಿಲಿಗೆ ಬಿಟ್ಟದ್ದು ನಾಯಿಯ ತಪ್ಪಲ್ಲ, ಮನುಷ್ಯರ ತಪ್ಪು. ನನ್ನ ಕೋರಿಕೆ ಇಷ್ಟೇ: 'ನಾಯಿಯನ್ನು ಎಲ್ಲಾದರೂ ಬಿಟ್ಟುಬನ್ನಿ' ಎಂಬ ಷರತ್ತನ್ನು ರಾಜಿಯಲ್ಲಿ ಸೇರಿಸಬೇಡಿ. ಹಾಗೆ ಬಿಟ್ಟ ನಾಯಿ ಹಸಿವಿನಿಂದ ನರಳುತ್ತದೆ, ಇನ್ನೊಂದು ಬೀದಿಯ ಇನ್ನೊಂದು ಮಗುವಿಗೆ ಅಪಾಯವಾಗುತ್ತದೆ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ ಪ್ರಕಾರ ಅಪರಾಧವೂ ಹೌದು.

ಅದರ ಬದಲು ಇವನ್ನು ಕೇಳಿ: ಮನೆಯ ಹೊಸ್ತಿಲು ದಾಟಿದ ಮೇಲೆ ಗಿಡ್ಡ ಹಗ್ಗ, ಲಿಫ್ಟ್ ಮತ್ತು ಮೆಟ್ಟಿಲಿನಲ್ಲಿ ಬಾಯಿಕುಕ್ಕೆ, ಪ್ರತಿವರ್ಷದ ಲಸಿಕೆ ಪ್ರಮಾಣಪತ್ರದ ಪ್ರತಿ ಸಂಘಕ್ಕೆ, ಸ್ಥಳೀಯ ಸಂಸ್ಥೆಯ ಪರವಾನಗಿ. ಇವನ್ನು ಬರಹದಲ್ಲಿ ಪಡೆಯಿರಿ. ಇನ್ನೊಂದು: ಕೆಲವು ಸಾಕುಪ್ರಾಣಿ ವಿಮೆಗಳಲ್ಲಿ ಮೂರನೆಯವರಿಗೆ ಆದ ಹಾನಿಯ ಹೊಣೆಯೂ ಸೇರಿರುತ್ತದೆ. ನಿಮ್ಮ ನೆರೆಯವರಿಗೆ ಅಂಥ ವಿಮೆ ಇದ್ದರೆ ಹಣ ಅವರ ಜೇಬಿನಿಂದಲೇ ಹೋಗಬೇಕಾಗಿಲ್ಲ. ನೋಟಿಸಿನಲ್ಲಿ ವಿಮೆಯ ವಿವರ ಕೇಳಿ. ಎಷ್ಟೋ ಬಾರಿ ಮಾಲೀಕರಿಗೇ ಅದು ನೆನಪಿರುವುದಿಲ್ಲ.

ಕಡಲಾಚೆ:
ವಿಮೆಯ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಸಿವಿಲ್ ಸಂಹಿತೆಯ 3342ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅಥವಾ ನ್ಯಾಯವಾಗಿ ಒಳಬಂದ ಖಾಸಗಿ ಜಾಗದಲ್ಲಿ ನಾಯಿ ಕಚ್ಚಿದರೆ ಮಾಲೀಕನೇ ಹೊಣೆ. ಆ ನಾಯಿ ಹಿಂದೆ ಕಚ್ಚಿತ್ತೇ, ಮಾಲೀಕನಿಗೆ ಗೊತ್ತಿತ್ತೇ ಎಂಬ ಪ್ರಶ್ನೆಯೇ ಬರುವುದಿಲ್ಲ. ದಾವೆಗೆ ಎರಡು ವರ್ಷ. ಹಣವನ್ನು ಸಾಮಾನ್ಯವಾಗಿ ಗೃಹವಿಮೆಯ ಕಂಪನಿ ಕೊಡುತ್ತದೆ. ಹೀಗಾಗಿ ನೆರೆಯವರ ನಡುವೆ ಮಾತು ಕೆಡದೆ ಎಷ್ಟೋ ಪ್ರಕರಣ ಮುಗಿಯುತ್ತವೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಮಾತ್ರ ಹಳೆಯ ಕ್ರಮವೇ ಇದೆ, ನಾಯಿಯ ಸ್ವಭಾವ ಮಾಲೀಕನಿಗೆ ತಿಳಿದಿತ್ತು ಅಥವಾ ಅವನು ನಿರ್ಲಕ್ಷ್ಯ ಮಾಡಿದ ಎಂದು ತೋರಿಸಬೇಕು. ಜರ್ಮನಿಯ ಸಿವಿಲ್ ಸಂಹಿತೆಯ 833ನೇ ವಿಧಿ ಸಾಕುಪ್ರಾಣಿಯ ಹಾನಿಗೆ ಸಾಕಿದವನನ್ನು ನೇರವಾಗಿ ಹೊಣೆ ಮಾಡುತ್ತದೆ. ನಮ್ಮಲ್ಲೂ ಇಂಥ ನೇರ ಹೊಣೆಯ ಕಾಯ್ದೆ ಬರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಕಚ್ಚಿಸಿಕೊಂಡವರೇ ನಾಯಿಯ ಪೂರ್ವೇತಿಹಾಸ ಹುಡುಕಿಕೊಂಡು ಅಲೆಯುವುದು ನ್ಯಾಯವಲ್ಲ.

ಸುದ್ದಿಪ್ರಿಯ:
ಗ್ರಾಹಕರ ಆಯೋಗಕ್ಕೆ ಹೋದರೆ ಬೇಗ ಮುಗಿಯುವುದಿಲ್ಲವೇ?

ಕಪ್ಪುಕೋಟು:
ನೆರೆಯವರು ನಿಮಗೆ ಸೇವೆ ಮಾರಿದವರಲ್ಲ, ಆದ್ದರಿಂದ ಆಗುವುದಿಲ್ಲ. ಹಣ ಕೊಟ್ಟು ಉಳಿದುಕೊಂಡ ವಸತಿಗೃಹದ ಆವರಣದಲ್ಲಿ ಅವರದೇ ನಾಯಿ ಕಚ್ಚಿದ್ದರೆ ಆ ದಾರಿ ತೆರೆದಿರುತ್ತದೆ.

ಕಳವಳದ ತಾಯಿ:
ಠಾಣೆಗೆ ಹೋಗಿ ಬಂದೆ, ಸ್ವೀಕೃತಿ ಸಿಕ್ಕಿತು. ಕ್ಯಾಮೆರಾದ ದೃಶ್ಯವೂ ಉಳಿದಿತ್ತು. ನಾಯಿ ಬಾಗಿಲಿನಿಂದ ಹೊರಗೆ ಓಡಿಬರುವುದು, ಮಗಳು ಗೋಡೆಗೆ ಒತ್ತಿಕೊಂಡು ನಿಲ್ಲುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವಳು ಓಡಿಯೇ ಇಲ್ಲ. ಅದನ್ನು ನೋಡುವಾಗ ಕಣ್ಣೀರು ತಡೆಯಲಾಗಲಿಲ್ಲ.

ಈಗ ಎಷ್ಟು ಕೇಳಬೇಕು ಎಂಬುದೇ ತಿಳಿಯುತ್ತಿಲ್ಲ. ದುರಾಸೆ ಎನಿಸಬಾರದು, ಮಗಳಿಗೆ ಅನ್ಯಾಯವೂ ಆಗಬಾರದು. ವಕೀಲರ ಶುಲ್ಕ, ನ್ಯಾಯಾಲಯದ ಶುಲ್ಕ ಭರಿಸುವುದು ನಮಗೆ ಸುಲಭವಲ್ಲ.

ಕಪ್ಪುಕೋಟು:
ದುರಾಸೆ ಎಂಬ ಪದವನ್ನು ಮನಸ್ಸಿನಿಂದ ತೆಗೆದುಹಾಕಿ. ಪರಿಹಾರ ಎಂದರೆ ಆದ ನಷ್ಟವನ್ನು ತುಂಬುವುದು, ಬಹುಮಾನವಲ್ಲ.

ಲೆಕ್ಕವನ್ನು ಎರಡು ಭಾಗ ಮಾಡಿ. ಬಿಲ್ಲು ಇರುವವು ಒಂದು ಕಡೆ: ಆಸ್ಪತ್ರೆ, ಲಸಿಕೆ, ಔಷಧಿ, ಓಡಾಟದ ವೆಚ್ಚ, ಹರಿದ ಬಟ್ಟೆ, ನೀವು ಅಥವಾ ನಿಮ್ಮವರು ರಜೆ ಹಾಕಿ ಕಳೆದುಕೊಂಡ ಸಂಬಳ. ಸಂಬಳಕ್ಕೆ ಕಚೇರಿಯಿಂದ ಪತ್ರ ಬೇಕು. ಬಿಲ್ಲು ಇಲ್ಲದವು ಇನ್ನೊಂದು ಕಡೆ: ನೋವು, ಕಲೆ, ಮುಂದೆ ಬೇಕಾಗಬಹುದಾದ ಚಿಕಿತ್ಸೆ, ಭಯ. ಕಲೆಯ ಬಗ್ಗೆ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಂದ ಅಭಿಪ್ರಾಯ ಮತ್ತು ಅಂದಾಜು ವೆಚ್ಚ ಬರೆಸಿ. ಮಗು ಬೆಚ್ಚಿ ಏಳುವುದನ್ನು ಮಕ್ಕಳ ಮನೋವೈದ್ಯರಿಗೆ ತೋರಿಸಿ. ಇದು ದಾವೆಗಾಗಿ ಅಲ್ಲ, ಮೊದಲು ಅವಳಿಗಾಗಿ. ಅಲ್ಲಿನ ಚೀಟಿಗಳು ಮಾತ್ರ ಆಮೇಲೆ ನಿಮ್ಮ ಪರವಾಗಿ ಮಾತನಾಡುತ್ತವೆ. 'ಮಗು ಹೆದರಿದೆ' ಎಂದು ತಾಯಿ ಹೇಳುವುದಕ್ಕೂ, ವೈದ್ಯರು ದಿನಾಂಕ ಹಾಕಿ ಬರೆಯುವುದಕ್ಕೂ ನ್ಯಾಯಾಲಯದಲ್ಲಿ ಬಹಳ ವ್ಯತ್ಯಾಸವಿದೆ.

ಖರ್ಚಿನ ವಿಷಯ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಉಚಿತ ಕಾನೂನು ನೆರವಿಗೆ ಅರ್ಹರು, ಅವರ ಆದಾಯ ಎಷ್ಟು ಎಂದು ಕೇಳುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರೂ ಹಾಗೆಯೇ. ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅವರ ಕಚೇರಿ ಇರುತ್ತದೆ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ಹೋಗಬಹುದು, ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿ ಒಪ್ಪಿದ ತೀರ್ಮಾನಕ್ಕೆ ಸಿವಿಲ್ ಡಿಕ್ರಿಯ, ಅಂದರೆ ನ್ಯಾಯಾಲಯದ ತೀರ್ಪಿನ ಆಜ್ಞೆಯ ಬಲವಿದೆ, ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲ ಎಂಬುದನ್ನು ಮತ್ತೆ ಓದಿಕೊಳ್ಳಿ, ಆತುರದಲ್ಲಿ ಕಡಿಮೆಗೆ ಒಪ್ಪಿಬಿಟ್ಟರೆ ಮರಳಿ ಬರಲು ದಾರಿ ಇರುವುದಿಲ್ಲ.

ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದರೂ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಸೆಕ್ಷನ್ನಿನಂತೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅದನ್ನೇ ನೆಚ್ಚಿ ಕೂರಬೇಡಿ.

ಮೂರು ನಾಯಿಗಳ ಮನೆ:
ಅಕ್ಕಾ, ದೃಶ್ಯವನ್ನು ಗುಂಪಿನಲ್ಲಿ ಹಂಚಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಗುವಿನ ಮುಖ ಇದೆ. ಹಂಚಿದ ಮೇಲೆ ಮಾತುಕತೆಗೆ ಯಾರೂ ಕೂರುವುದಿಲ್ಲ. ನೆರೆಯವರಿಗೆ ಒಬ್ಬರಿಗೇ ತೋರಿಸಿ. 'ನಮ್ಮ ನಾಯಿ ಹಾಗಲ್ಲ' ಎಂದು ಮಾಲೀಕರು ಹೇಳುವುದು ಎಷ್ಟೋ ಸಲ ಸುಳ್ಳಿನಿಂದಲ್ಲ, ಮಮತೆಯಿಂದ. ಕಣ್ಣಾರೆ ಕಂಡ ಮೇಲೆ ನಿಲುವು ಬದಲಾಗಬಹುದು.

ನಿವೃತ್ತ ಶಿರಸ್ತೇದಾರ:
ಈ ಅಭಿಪ್ರಾಯಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ತೋರಿಸುವ ಮೊದಲು ಪ್ರತಿಯನ್ನು ಇನ್ನೆರಡು ಕಡೆ ಇಟ್ಟಿರಿ.

ಹಗೆಯ ಬಗ್ಗೆ ನೀವು ಮೊದಲೇ ಕೇಳಿದ್ದಿರಿ ತಾಯಿ, ಯಾರೂ ಉತ್ತರಿಸಲಿಲ್ಲ. ನಾನು ಕಂಡಂತೆ ಹಗೆ ಬೆಳೆಯುವುದು ನೋಟಿಸಿನಿಂದಲ್ಲ, ಮೆಟ್ಟಿಲಿನಲ್ಲಿ ಎದುರಾದಾಗಲೆಲ್ಲ ನಡೆಯುವ ಜಗಳದಿಂದ. ಮಾತೆಲ್ಲ ಬರಹದಲ್ಲಿ ನಡೆಯಲಿ. ನೋಟಿಸಿನಲ್ಲಿ ಬೈಗುಳ ಬೇಡ, ಬೆದರಿಕೆ ಬೇಡ. ನಡೆದದ್ದು, ಆದ ಖರ್ಚು, ಕೇಳುವ ಮೊತ್ತ, ಉತ್ತರಿಸಲು ಗಡುವು, ಇಷ್ಟು ಸಾಕು.

ಇನ್ನು ಮಗುವಿನ ಹೆಸರಿನಲ್ಲಿ ದಾವೆ ಎಂದರೆ ಒಂದು ವಿಶೇಷ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ಅವಳ ಪರವಾಗಿ ನೀವು 'ವಾದಮಿತ್ರ'ರಾಗಿ ದಾವೆ ಹೂಡಬೇಕು. ದಾವೆ ನಡೆಯುವಾಗ ರಾಜಿಯಾಗುವುದಿದ್ದರೆ ಅದೇ ಆದೇಶದ 7ನೇ ನಿಯಮದಂತೆ ನ್ಯಾಯಾಲಯದ ಅನುಮತಿ ಬೇಕೇ ಬೇಕು. ಅನುಮತಿಯಿಲ್ಲದೆ ಮಾಡಿಕೊಂಡ ರಾಜಿಯನ್ನು ಮಗುವಿನ ಕಡೆಯಿಂದ ರದ್ದುಪಡಿಸಬಹುದು. ಇದನ್ನು ನೆರೆಯವರಿಗೂ ಸಮಾಧಾನವಾಗಿ ತಿಳಿಸಿ. ಅವರು ತಂದ ಆ ಕಾಗದ ಅವರನ್ನೂ ಪೂರ್ತಿ ಕಾಪಾಡುವುದಿಲ್ಲ. ಅಪ್ರಾಪ್ತರಿಗೆ ಬಂದ ಹಣವನ್ನು ನ್ಯಾಯಾಲಯ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಅವರ ಹೆಸರಿಗೆ ಠೇವಣಿ ಇಡಿಸುತ್ತದೆ. ಚಿಕಿತ್ಸೆಗೆ ನಡುವೆ ಬೇಕಾದರೆ ಅರ್ಜಿ ಹಾಕಿ ಪಡೆಯಬಹುದು.

ಕಳವಳದ ತಾಯಿ:
ಕಾಲಮಿತಿ ಎಷ್ಟು? ಕಲೆ ಹದಕ್ಕೆ ಬರಲು ಸುಮಾರು ಒಂದು ವರ್ಷ ಹಿಡಿಯುತ್ತದೆ ಎಂದಿದ್ದಿರಿ, ಅಷ್ಟರಲ್ಲಿ ತಡವಾಗಿಬಿಟ್ಟರೆ?

ಕಪ್ಪುಕೋಟು:
ಖಾಸಗಿ ವ್ಯಕ್ತಿಯ ಮೇಲಿನ ಇಂಥ ದಾವೆಗೆ ಕಾಲಮಿತಿ ಕಾಯ್ದೆ 1963ರ 113ನೇ ವಿಧಿಯಂತೆ ಮೂರು ವರ್ಷ ಎಂದು ಎಣಿಸುತ್ತೇವೆ. ಅಪ್ರಾಪ್ತರಿಗೆ 6ನೇ ಸೆಕ್ಷನ್ ರಿಯಾಯಿತಿ ಕೊಡುತ್ತದೆ, ವಯಸ್ಕಳಾದ ಮೇಲೂ ಅವಳಿಗೆ ಹಕ್ಕು ಉಳಿದಿರುತ್ತದೆ. ಆದರೆ ಅಷ್ಟು ವರ್ಷ ಸಾಕ್ಷಿಗಳು ಇದೇ ಕಟ್ಟಡದಲ್ಲಿ ಇರುವುದಿಲ್ಲ, ನೀವು ಕಟ್ಟಿದ ಬಿಲ್ಲುಗಳ ಲೆಕ್ಕವೂ ಮಸುಕಾಗುತ್ತದೆ. ನೋಟಿಸನ್ನು ಈಗಲೇ ಕಳಿಸಿ, ಮುಂದಿನ ಚಿಕಿತ್ಸೆಯ ಹಕ್ಕನ್ನು ಕಾಯ್ದಿರಿಸಿದ್ದೇವೆ ಎಂದು ಅದರಲ್ಲೇ ಬರೆಯಿರಿ. ದಾವೆಯನ್ನು ಕಲೆಯ ಸ್ಥಿತಿ ಕಂಡುಕೊಂಡು, ಗಡುವಿಗೆ ಬಹಳ ಮುಂಚೆ ಹೂಡಿದರೆ ಸರಿ.

ಕಾನೂನು ನೆರವಿನ ಕಚೇರಿಗೆ ಹೋಗುವಾಗ ಮಗಳ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು, ದೂರಿನ ಸ್ವೀಕೃತಿ, ಆಸ್ಪತ್ರೆಯ ಚೀಟಿಗಳ ಎರಡೆರಡು ನಕಲು ಒಯ್ಯಿರಿ. ಮೂಲಪ್ರತಿಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ, ನಮ್ಮಂಥ ವಕೀಲರ ಕೈಗೂ.